ಜನವರಿಯಲ್ಲಿ ಶಿರಸಿಯಿಂದ ಬೆಂಗಳೂರಿಗೆ: ಚಳಿಗಾಲದಲ್ಲಿ ನೋಡುವಂಥದ್ದು ಏನಿದೆ?

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಮೂರ್ನಾಲ್ಕು ದಿನಕ್ಕೆ ಬೆಂಗಳೂರಿಗೆ ಹೋಗುವ ಯೋಚನೆ ಇದೆ. ತಮ್ಮನ ಮನೆ ರಾಜಾಜಿನಗರದಲ್ಲಿ, ಹಾಗಾಗಿ ಉಳಿಯುವ ಚಿಂತೆ ಇಲ್ಲ. ನಾನು, ನಮ್ಮನೆಯವರು, ಆರನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ, ಜೊತೆಗೆ ನಮ್ಮ ಆಯಿ. ಆಯಿಗೆ ಮಂಡಿನೋವು. ನಿಧಾನಕ್ಕೆ ಆದರೆ ನಡೆಯುತ್ತಾಳೆ, ಮೆಟ್ಟಿಲು ಜಾಸ್ತಿ ಇದ್ದರೆ ಆಗುವುದಿಲ್ಲ.

ಅಡಿಕೆ ಕೊನೆಕೊಯ್ಲಿನ ನಡುವೆ ಒಂದು ವಾರ ಬಿಡುವು ಮಾಡಿಕೊಳ್ಳಬಹುದು ಎಂದು ನಮ್ಮನೆಯವರು ಹೇಳಿದ್ದಾರೆ. ಮೊದಲ ವಾರವೋ ಕೊನೆಯ ವಾರವೋ ನಾವೇ ಆರಿಸಬೇಕು. ತಮ್ಮನನ್ನು ಕೇಳಿದರೆ ಮಾಲ್, ವಂಡರ್‌ಲಾ, ನಂದಿಬೆಟ್ಟ ಅಂತಾನೆ. ಮಾಲ್ ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾ ಅನ್ನಿಸುತ್ತದೆ. ಚಳಿಯಲ್ಲಿ ನೀರಾಟಕ್ಕೆ ಬಿಟ್ಟರೆ ಮಗನಿಗೆ ಕೆಮ್ಮು ಗ್ಯಾರಂಟಿ. ಕಡಲೆಕಾಯಿ ಪರಿಷೆ ನೋಡಬೇಕೆಂದು ಆಯಿಗೆ ಬಹಳ ದಿನದ ಆಸೆ, ಅದು ಯಾವಾಗ? ಚಳಿಗಾಲದಲ್ಲೇ ಸಿಗುವಂಥದ್ದು, ನಮ್ಮ ಕಡೆ ಇಲ್ಲದ್ದು, ಮಕ್ಕಳಿಗೂ ಆಯಿಗೂ ಒಟ್ಟಿಗೆ ಖುಷಿ ಕೊಡುವಂಥದ್ದು ಏನಿದೆ ಹೇಳಿ. ಅಲ್ಲಿ ಇರುವ ನಮ್ಮೂರವರು ಬರೆದರೆ ಹೆಚ್ಚು ಉಪಕಾರ.

ಕುಮಟಾದಿಂದ ಬಸವನಗುಡಿಗೆ

ಅಕ್ಕಾ, ಮೊದಲು ಪರಿಷೆಯ ವಿಷಯ ಹೇಳಿಬಿಡುತ್ತೇನೆ. ಅದು ಕಾರ್ತಿಕ ಮಾಸದ ಕೊನೆಯ ಸೋಮವಾರ. ನವೆಂಬರ್‌ನಲ್ಲೋ ಡಿಸೆಂಬರ್‌ನಲ್ಲೋ ಬರುತ್ತದೆ, ಜನವರಿಗೆ ಎಳೆಯುವುದಿಲ್ಲ. ಆಯಿಗೆ ಬೇಸರ ಆಗಬಹುದು, ಆದರೆ ದೊಡ್ಡ ಬಸವಣ್ಣ ಅಲ್ಲೇ ಇದ್ದಾನಲ್ಲ. ಒಂದೇ ಕಲ್ಲಿನ ಬಸವ, ಸುಮಾರು 15 ಅಡಿ ಎತ್ತರ. ಸುಂಕೇನಹಳ್ಳಿ, ಮಾವಳ್ಳಿ ಕಡೆಯ ರೈತರ ಕಡಲೆ ಹೊಲಕ್ಕೆ ರಾತ್ರಿ ಹೊತ್ತು ಬಸವ ನುಗ್ಗಿ ತಿನ್ನುತ್ತಿದ್ದ, ಅದಕ್ಕೇ ಮೊದಲ ಫಸಲು ಅವನಿಗೆ ಕೊಡುವ ವಾಡಿಕೆ ಬಂತು ಎಂಬ ಕಥೆ. ಅಲ್ಲೇ ಕೆಳಗೆ ದೊಡ್ಡ ಗಣಪತಿ. ಪರಿಷೆ ಇಲ್ಲದ ದಿನ ಹೋದರೆ ನೂಕುನುಗ್ಗಲು ಇರುವುದಿಲ್ಲ, ಆಯಿ ಸಾವಕಾಶ ನಿಂತು ನೋಡಬಹುದು. ಮೆಟ್ಟಿಲು ಸ್ವಲ್ಪ ಇದೆ, ಕೈ ಹಿಡಿದುಕೊಳ್ಳಿ.

ಈಗ ಯಾವ ವಾರ ಅನ್ನುವುದು. ನನ್ನನ್ನು ಕೇಳಿದರೆ ಮೊದಲ ವಾರ. ಕಾರಣ ಅವರೆಕಾಯಿ. ಡಿಸೆಂಬರ್ ಕೊನೆ, ಜನವರಿ ಶುರುವಿಗೆ ಅವರೆಕಾಯಿ ಮೇಳ ನಡೆಯುತ್ತದೆ. ಮುಂಚೆ ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಆಗುತ್ತಿತ್ತು, ಜನ ಹೆಚ್ಚಾಗಿ ಹತ್ತಿರದ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂತು. ಅವರೆಕಾಳಿನ ದೋಸೆ, ಉಪ್ಪಿಟ್ಟು, ಅಕ್ಕಿರೊಟ್ಟಿ, ಹೋಳಿಗೆ, ಕೊನೆಗೆ ಅವರೆಯ ಜಿಲೇಬಿ ಕೂಡ ಇರುತ್ತದೆ. ಜಿಲೇಬಿ ಒಂದು ತುಂಡು ರುಚಿ ನೋಡಿ ಸಾಕು. ದೋಸೆಯನ್ನು ಮಾತ್ರ ಬಿಡಬೇಡಿ.

ಮೇಳಕ್ಕಿಂತ ನನಗೆ ಇಷ್ಟವಾಗುವುದು ಗಾಂಧಿ ಬಜಾರಿನ ಬೀದಿಬದಿ. ಈ ಕಾಲದಲ್ಲಿ ಅಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಹಿತಕಿದ ಬೇಳೆ ಮಾರುತ್ತಾರೆ. ಕಾಳನ್ನು ರಾತ್ರಿ ನೀರಿಗೆ ಹಾಕಿರುತ್ತಾರೆ. ಬೆಳಗ್ಗೆ ಅದರ ಸಿಪ್ಪೆ ಉಬ್ಬಿ ಸಡಿಲವಾಗಿರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಸುಕಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಮಾತಾಡುತ್ತಾ, ಗಿರಾಕಿಗೆ ಚಿಲ್ಲರೆ ಕೊಡುತ್ತಾ, ಕೈ ನೋಡದೇ ಹಿಸುಕುತ್ತಿರುತ್ತಾರೆ. ಆಯಿ ಖಂಡಿತ ಅಲ್ಲಿ ನಿಂತುಬಿಡುತ್ತಾರೆ ನೋಡಿ. ಮನೆಗೆ ಒಂದು ಸೇರು ತೆಗೆದುಕೊಂಡು ಹೋಗಿ, ತಮ್ಮನ ಹೆಂಡತಿಗೆ ಹಿತಕಬೇಳೆ ಸಾರು ಮಾಡಲಿಕ್ಕೆ ಹೇಳಿ. ಇಬ್ಬನಿ ಬಿದ್ದ ಚಳಿಗೆ ಬೆಳೆದ ಕಾಯಿಯಲ್ಲೇ ಆ ಸೊಗಡು ಇರುವುದು. ಕಾಯಿ ಕೈಗೆ ಸ್ವಲ್ಪ ಅಂಟಬೇಕು, ವಾಸನೆ ಗಮ್ಮನೆ ಬರಬೇಕು. ಏಪ್ರಿಲ್‌ನಲ್ಲಿ ಬಂದು ಕೇಳಿದರೆ ಈ ರುಚಿ ಸಿಗುವುದಿಲ್ಲ. ಚಳಿಗಾಲದಲ್ಲಿ ಬೆಂಗಳೂರಿಗೆ ಬರಲಿಕ್ಕೆ ಇದೊಂದೇ ಕಾರಣ ಸಾಕು ಅಂತ ನಾನು ಎಲ್ಲರಿಗೂ ಹೇಳುವುದು.

ಗಾಂಧಿ ಬಜಾರಿನಲ್ಲೇ ವಿದ್ಯಾರ್ಥಿ ಭವನ ಇದೆ, 1943ರಿಂದ. ಶುಕ್ರವಾರ ಅವರಿಗೆ ರಜೆ. ಭಾನುವಾರ ಹೋದರೆ ಹೊರಗೆ ಕಾಯಬೇಕಾಗುತ್ತದೆ, ಆಯಿಗೆ ಕಷ್ಟ. ವಾರದ ದಿನ ಮಧ್ಯಾಹ್ನ ಕಳೆದ ಮೇಲೆ ಹೋಗಿ. ಪುಸ್ತಕದ ಹುಚ್ಚು ಇದ್ದರೆ ಅದೇ ರಸ್ತೆಯಲ್ಲಿ ಅಂಕಿತ ಪುಸ್ತಕ.

ಅಘನಾಶಿನಿ ತೀರ

ಕುಮಟಾದವರು ಹೇಳಿದ ಅವರೆಕಾಯಿಗೆ ನನ್ನದೂ ಒಂದು ಓಟು. ಮೊದಲ ವಾರಕ್ಕೆ ನನ್ನ ಇನ್ನೊಂದು ಕಾರಣ ಚಿತ್ರಸಂತೆ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಇರುತ್ತದೆ, 2025ರಲ್ಲಿ 5ನೇ ತಾರೀಕು ಆಗಿತ್ತು, ಅದು 22ನೇ ಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವುದು. ಅವತ್ತು ಕುಮಾರಕೃಪಾ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ರಸ್ತೆಯ ಎರಡೂ ಕಡೆ ಚಿತ್ರ ಹರಡಿಕೊಂಡು ಕಲಾವಿದರೇ ಕೂತಿರುತ್ತಾರೆ. ಬೇರೆ ರಾಜ್ಯದಿಂದ ಬರುವವರೂ ಬಹಳ. ಟಿಕೆಟ್ ಇಲ್ಲ. ನೂರಿನ್ನೂರು ರೂಪಾಯಿಯ ಚಿಕ್ಕ ಚಿತ್ರವೂ ಉಂಟು, ಲಕ್ಷದ್ದೂ ಉಂಟು, ಯಾರೂ ಕೊಳ್ಳಿ ಅಂತ ಒತ್ತಾಯ ಮಾಡುವುದಿಲ್ಲ.

ನಿಮ್ಮ ಮಗಳಿಗೆ ಇದು ತುಂಬಾ ಒಳ್ಳೆಯದು. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಮಕ್ಕಳನ್ನು ಕರೆದುಕೊಂಡು ಹೋದಾಗ ಗಮನಿಸಿದ್ದು ಏನೆಂದರೆ, ಅವರು ದೊಡ್ಡ ಚಿತ್ರಗಳ ಮುಂದೆ ನಿಲ್ಲುವುದಿಲ್ಲ. ಕೂತಲ್ಲೇ ಎದುರಿನವರ ಮುಖ ಬರೆದುಕೊಡುವವರ ಹಿಂದೆ ಹೋಗಿ ನಿಲ್ಲುತ್ತಾರೆ. ಬಿಳಿ ಹಾಳೆಯ ಮೇಲೆ ಮೊದಲು ಮೂಗು ಬರುತ್ತದೆ, ಆಮೇಲೆ ಕಣ್ಣು, ಹಾಗೇ ನೋಡುನೋಡುತ್ತಾ ಎದುರಿಗೆ ಕೂತವರೇ ಹಾಳೆಗೆ ಬಂದುಬಿಡುತ್ತಾರೆ. ನಿಮ್ಮ ಆಯಿಯ ಮುಖ ಒಂದು ಬರೆಸಿ. ನಿಜವಾಗಿ ಹೇಳುತ್ತಿದ್ದೇನೆ, ಮಾಲಿನಲ್ಲಿ ಖರ್ಚು ಮಾಡುವ ದುಡ್ಡು ಇದಕ್ಕೆ ಹಾಕಿ.

ಬೆಳಗ್ಗೆ 9ರ ಒಳಗೆ ಅಲ್ಲಿರಿ. 11 ಕಳೆದರೆ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ಮಾರಿಕಾಂಬೆ ಜಾತ್ರೆಯಲ್ಲಿ ಬಿಡಕಿಬೈಲಿನ ಜನ ಕಂಡ ನಿಮಗೆ ಅದೇನೂ ಹೊಸದಲ್ಲ, ಆದರೂ ಮಂಡಿನೋವಿನವರಿಗೆ ಬೆಳಗ್ಗೆಯೇ ವಾಸಿ. ಮಧ್ಯಾಹ್ನ ಅಲ್ಲಿಂದ ಆಟೋ ಹಿಡಿದು ನೆಹರು ತಾರಾಲಯಕ್ಕೆ ಹೋಗಿ, ದೂರ ಇಲ್ಲ. ಕನ್ನಡದ ಪ್ರದರ್ಶನ ಬೇರೆ ಇರುತ್ತದೆ, ಸಮಯ ಮೊದಲೇ ನೋಡಿಕೊಳ್ಳಿ. ಆರಾಮ ಕುರ್ಚಿ, ತಣ್ಣಗಿನ ಕತ್ತಲೆ, ಆಯಿಗೆ ಕಾಲಿಗೂ ವಿಶ್ರಾಂತಿ. ಸೋಮವಾರ ತಾರಾಲಯಕ್ಕೆ ರಜೆ, ಅದು ನೆನಪಿರಲಿ.

ಮಗನಿಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. 1962ರಲ್ಲಿ ನೆಹರು ಅವರೇ ಉದ್ಘಾಟಿಸಿದ್ದು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ, ಯಂತ್ರಗಳನ್ನು ಗುಂಡಿ ಒತ್ತಿ ತಿರುಗಿಸಿ ನೋಡಬಹುದು. ಆರು ವರ್ಷದ ಮಕ್ಕಳನ್ನು ಹೊರಗೆ ಎಳೆದು ತರುವುದೇ ಕಷ್ಟ. ಹಾಗಾಗಿ ಅರ್ಧ ದಿನ ಇಡಿ. ಪಕ್ಕದಲ್ಲೇ ಕಬ್ಬನ್ ಪಾರ್ಕ್. ಚಳಿಗಾಲದಲ್ಲಿ ಅಲ್ಲಿ ಟಬೂಬಿಯಾ ಮರ ಎಲೆ ಉದುರಿಸಿ ಗುಲಾಬಿ ಹೂ ಬಿಟ್ಟಿರುತ್ತದೆ, ಬಾಲಭವನವೂ ಅಲ್ಲೇ.

ಕಾಳಿ ಸೇತುವೆ (ಕಾರವಾರ)

ನಾನು ಇವರಿಬ್ಬರ ಮಾತು ಒಪ್ಪುವುದಿಲ್ಲ 🙂 ಕೊನೆಯ ವಾರ ಬನ್ನಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಗಣರಾಜ್ಯೋತ್ಸವಕ್ಕೆ ಹತ್ತಿರ ಹತ್ತು ದಿನ ಇರುತ್ತದೆ. ಗಾಜಿನ ಮನೆಯೊಳಗೆ ಲಕ್ಷಗಟ್ಟಲೆ ಹೂವಲ್ಲಿ ಏನಾದರೊಂದು ಕಟ್ಟುತ್ತಾರೆ. 2024ರಲ್ಲಿ ಬಸವಣ್ಣ ಮತ್ತು ಅನುಭವ ಮಂಟಪ, 2025ರಲ್ಲಿ ವಾಲ್ಮೀಕಿ. ಆ ಗಾಜಿನ ಮನೆಗೇ ನೂರು ವರ್ಷದ ಮೇಲಾಯಿತು, 1889ರಲ್ಲಿ ಅಡಿಗಲ್ಲು ಹಾಕಿದ್ದು. ತೋಟವನ್ನು ಶುರು ಮಾಡಿದ್ದು ಹೈದರಾಲಿ, 1760ರಲ್ಲಿ. ನಾವು ಕರಾವಳಿಯವರು ಮನೆ ಮುಂದೆ ಅಬ್ಬಲಿಗೆ, ದಾಸವಾಳ ಬೆಳೆಸುತ್ತೇವೆ. ಚಳಿ ಪ್ರದೇಶದ ಹೂವುಗಳನ್ನು ಅಷ್ಟು ಬಗೆಯಲ್ಲಿ ಒಂದೇ ಕಡೆ ನೋಡಲಿಕ್ಕೆ ನಮಗೆ ಬೇರೆಲ್ಲಿ ಸಿಗುತ್ತದೆ? ನಮ್ಮ ಅಮ್ಮ ಪ್ರತಿ ಕುಂಡದ ಮುಂದೆ ನಿಂತು ಬೀಜ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾ ಹೋದರು. ಹೊರಗೆ ಬೀಜ, ಗಿಡ, ಗೊಬ್ಬರದ ಅಂಗಡಿಗಳೂ ಇರುತ್ತವೆ. ತೋಟದ ಮನೆಯವರಿಗೆ ಇದು ಬಿಡುವಂಥದ್ದಲ್ಲ.

ಶನಿವಾರ, ಭಾನುವಾರ, 26ನೇ ತಾರೀಕು ಈ ಮೂರು ಬಿಟ್ಟು ಬೇರೆ ದಿನ ಬೆಳಗ್ಗೆ ಬೇಗ ಹೋಗಿ. ಬ್ಯಾಟರಿ ಗಾಡಿ ಇದೆಯಲ್ಲ ಅಂತ ಪ್ರದರ್ಶನದ ದಿನಗಳಲ್ಲಿ ನೆಚ್ಚಿಕೊಳ್ಳಬೇಡಿ. ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್ನಿಗೆ ಇಳಿದರೆ ಪಶ್ಚಿಮ ದ್ವಾರ ಹತ್ತಿರ.

ಇನ್ನೊಂದು, ಸ್ವೆಟರ್ ಮರೀಬೇಡಿ. ಕಾರವಾರದಲ್ಲಿ ಜನವರಿಯಲ್ಲೂ ಮಧ್ಯಾಹ್ನ ಬೆವರು ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಇರುವುದು. ಬಿಸಿಲು ಹೋದ ತಕ್ಷಣ ಚಳಿ ಹಿಡಿಯುತ್ತದೆ. ಬೆಳಗಿನ ಜಾವ 15 ಡಿಗ್ರಿ ಆಚೀಚೆ. 1884ರ ಜನವರಿಯಲ್ಲಿ 7.8ಕ್ಕೆ ಇಳಿದದ್ದು ಇವತ್ತಿಗೂ ದಾಖಲೆ. ಶಿರಸಿಯವರಿಗೆ ಚಳಿ ಅಭ್ಯಾಸ ಇದೆ, ಆದರೂ ಮಕ್ಕಳ ಕಿವಿಗೆ ಟೋಪಿ ಇರಲಿ.

ನಮ್ಮಂಥವರು ಬರುವುದಾದರೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಸಂಜೆ ಕಾರವಾರದಲ್ಲಿ ಹತ್ತಿದರೆ ಬೆಳಗ್ಗೆ ಯಶವಂತಪುರ. ನಿಮಗೆ ರೈಲು ಬೇಕೆಂದರೆ ತಾಳಗುಪ್ಪಕ್ಕೆ ಹೋಗಿ ಹತ್ತಬೇಕು. ಆಯಿ ಜೊತೆಗಿದ್ದರೆ ಮಲಗಿಕೊಂಡು ಬರಲಿಕ್ಕೆ ರೈಲೇ ಒಳ್ಳೆಯದು, ಯೋಚಿಸಿ.

ತೋಟದಮನೆ (ಶಿರಸಿ)

ಇಷ್ಟು ಬೇಗ ಇಷ್ಟೊಂದು ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಹಿತಕಬೇಳೆ ವಿಷಯ ಆಯಿಗೆ ಓದಿ ಹೇಳಿದೆ, ಅದನ್ನು ನೋಡಲೇಬೇಕು ಅಂತ ಈಗಲೇ ಶುರು ಮಾಡಿದ್ದಾಳೆ. ಎರಡು ಪ್ರಶ್ನೆ. ತಮ್ಮ ನಂದಿಬೆಟ್ಟ ಬಿಡುತ್ತಲೇ ಇಲ್ಲ, ಸೂರ್ಯೋದಯ ನೋಡಲೇಬೇಕಂತೆ. ಹೋಗಬೇಕಾ? ಮತ್ತೆ ಟ್ರಾಫಿಕ್. ಇಷ್ಟೆಲ್ಲ ಜಾಗ ಮೂರ್ನಾಲ್ಕು ದಿನದಲ್ಲಿ ಆಗುತ್ತದಾ? ಹೋದ ಸಲ ಒಂದು ಮದುವೆಗೆ ಹೋದಾಗ ಇಡೀ ದಿನ ಕಾರಲ್ಲೇ ಕಳೆದುಹೋಗಿತ್ತು.

ಕುಮಟಾದಿಂದ ಬಸವನಗುಡಿಗೆ

ಟ್ರಾಫಿಕ್ಕಿಗೆ ಒಂದೇ ಮದ್ದು, ತಮ್ಮನ ಕಾರು ಮನೆಯಲ್ಲೇ ಇರಲಿ. ನಿಮ್ಮ ಅದೃಷ್ಟಕ್ಕೆ ರಾಜಾಜಿನಗರ ಹಸಿರು ಮಾರ್ಗದ ಮೇಲೆ ಇದೆ. ಅದೇ ಮಾರ್ಗದಲ್ಲಿ ಸಂಪಿಗೆ ರಸ್ತೆಗೆ ಇಳಿದರೆ ಆಟೋದಲ್ಲಿ ಚಿತ್ರಸಂತೆ. ನ್ಯಾಷನಲ್ ಕಾಲೇಜಿಗೆ ಇಳಿದರೆ ಅವರೆಕಾಯಿ ಮೇಳ, ಬಸವನಗುಡಿ, ಗಾಂಧಿ ಬಜಾರು. ಮುಂದಿನ ಸ್ಟೇಷನ್ ಲಾಲ್‌ಬಾಗ್. ಕಬ್ಬನ್ ಪಾರ್ಕು, ಮ್ಯೂಸಿಯಂ ಕಡೆಗೆ ಮಾತ್ರ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಲಿಫ್ಟ್ ಎಲ್ಲ ಸ್ಟೇಷನ್ನಿನಲ್ಲೂ ಇದೆ, ಆಯಿ ಮೆಟ್ಟಿಲು ಹತ್ತಬೇಕಾಗಿಲ್ಲ. ಮಕ್ಕಳಿಗೆ ಮೆಟ್ರೋವೇ ಒಂದು ಆಟ. ಭಾನುವಾರ ಮಾತ್ರ ಬೆಳಗ್ಗೆ 7ಕ್ಕೆ ಶುರುವಾಗುವುದು. ಬೆಳಗ್ಗೆ ಬೆಳಗ್ಗೆಯೇ ಕಚೇರಿಗೆ ಹೋಗುವವರ ಹೊತ್ತಲ್ಲಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಲು ಹೋಗಬೇಡಿ, 10 ಗಂಟೆ ಕಳೆದ ಮೇಲೆ ಹೊರಡಿ.

ಒಂದು ದಿನಕ್ಕೆ ಊರಿನ ಒಂದೇ ಭಾಗ. ಬೆಳಗ್ಗೆ ಬನ್ನೇರುಘಟ್ಟ, ಸಂಜೆ ಮಲ್ಲೇಶ್ವರ ಅಂತ ಹೊರಟರೆ ರಸ್ತೆ ಮಾತ್ರ ನೋಡಿ ಬರುತ್ತೀರಿ.

ಸಿದ್ದಾಪುರದ ಭಾವ

ನಂದಿಬೆಟ್ಟದ ವಿಷಯ ನಾನು ಹೇಳುತ್ತೇನೆ. ಬೆಟ್ಟ ಚಂದ, 1478 ಮೀಟರ್, ಚಳಿಗಾಲದಲ್ಲಿ ಕೆಳಗೆ ಮೋಡ ಹಾಸಿಕೊಂಡಿರುತ್ತದೆ. ಎಲ್ಲ ನಿಜ. ಆದರೆ ಶನಿವಾರ ಭಾನುವಾರ ಊರಿಗೆ ಊರೇ ಅಲ್ಲಿಗೆ ಹೊರಡುತ್ತದೆ. ಮೂರು ಗಂಟೆ ರಾತ್ರಿಗೆ ಮಕ್ಕಳನ್ನು ಎಬ್ಬಿಸಿ, ಆಯಿಯನ್ನು ಚಳಿಗೆ ಕೂರಿಸಿಕೊಂಡು ಹೋಗಿ, ಕೊನೆಗೆ ಕಾರುಗಳ ಸಾಲಲ್ಲಿ ಸೂರ್ಯ ಹುಟ್ಟಿದರೆ ಏನು ಬಂತು? ನಾವು ಘಟ್ಟದವರು. ಯಾಣ, ಉಂಚಳ್ಳಿ, ದೇವಿಮನೆ ಘಟ್ಟ ಎಲ್ಲ ಹಿತ್ತಲಲ್ಲೇ ಇಟ್ಟುಕೊಂಡವರು. ಮಂಜು ನೋಡಲಿಕ್ಕೆ ಬೆಂಗಳೂರಿಗೆ ಹೋಗುವುದು ಬೇಡ. ಬೆಂಗಳೂರಲ್ಲಿ ಬೆಂಗಳೂರಿನದ್ದನ್ನೇ ನೋಡಿ ಅಂತ ನನ್ನ ಅಭಿಪ್ರಾಯ.

ತಮ್ಮ ಬಿಡುವುದೇ ಇಲ್ಲ ಎಂದರೆ, ವಾರದ ನಡುವೆ ಒಂದು ದಿನ ಬೆಟ್ಟದ ಬುಡಕ್ಕೆ ಹೋಗಿ, ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. 9ನೇ ಶತಮಾನದಷ್ಟು ಹಳೆಯದು. ಬೆಟ್ಟ ಹತ್ತಬೇಕಾಗಿಲ್ಲ, ಜನ ಕಡಿಮೆ, ಒಳಗೆ ದೊಡ್ಡ ಕಲ್ಯಾಣಿ. ಕಂಬಗಳ ಕೆತ್ತನೆಯನ್ನು ಆಯಿ ಕೂತಲ್ಲೇ ನೋಡಬಹುದು. ಬೆಳಗ್ಗೆ ತಿಂಡಿ ಮುಗಿಸಿ ಹೊರಟರೂ ಸಾಕು.

ಯಾರೂ ಹೇಳದ ಒಂದನ್ನು ನಾನು ಸೇರಿಸುತ್ತೇನೆ. ಒಂದು ಸಂಜೆ ನಾಟಕಕ್ಕೆ ಇಡಿ. ಜೆ.ಪಿ. ನಗರದಲ್ಲಿ ರಂಗಶಂಕರ. ನಮ್ಮ ಹೊನ್ನಾವರ ಕಡೆಯ ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ್ದು, 2004ರಲ್ಲಿ ಶುರುವಾಯಿತು. ಸೋಮವಾರ ಬಿಟ್ಟರೆ ಹೆಚ್ಚುಕಡಿಮೆ ದಿನಾ ನಾಟಕ ಇರುತ್ತದೆ, ಕನ್ನಡದ್ದೂ ಸಾಕಷ್ಟು. ಸಂಜೆ 7.30 ಎಂದರೆ 7.30. ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ, ಟಿಕೆಟ್ ಕೈಯಲ್ಲಿದ್ದರೂ ಅಷ್ಟೇ. ಈ ಶಿಸ್ತು ನನಗೆ ಬಹಳ ಇಷ್ಟ. ಎಷ್ಟು ಚಿಕ್ಕ ಜಾಗ ಎಂದರೆ ನಟರು ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಮೈಕಿಲ್ಲದೆ ಮಾತು ಹಿಂದಿನ ಸಾಲಿಗೂ ಮುಟ್ಟುತ್ತದೆ. ನೀನಾಸಂ ತಂಡದ ತಿರುಗಾಟದ ನಾಟಕ ನೋಡಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ನಾಟಕ ಹೊಸದಲ್ಲ, ಆದರೆ ನಾಟಕಕ್ಕೆಂದೇ ಕಟ್ಟಿದ ಮನೆ ಹೇಗಿರುತ್ತದೆ ಅನ್ನುವುದನ್ನು ಆರನೇ ಕ್ಲಾಸಿನ ಹುಡುಗಿ ನೋಡಬೇಕು. ಚಿಕ್ಕವನನ್ನು ಕರೆದೊಯ್ಯುವ ಮೊದಲು ಆ ನಾಟಕಕ್ಕೆ ಎಷ್ಟು ವಯಸ್ಸಿನವರನ್ನು ಬಿಡುತ್ತಾರೆ ಅಂತ ವಿಚಾರಿಸಿ. ಬಿಡದಿದ್ದರೆ ಅವನು ಮಾವನ ಜೊತೆ ಮನೆಯಲ್ಲಿರಲಿ, ನೀವೂ ಮಗಳೂ ಹೋಗಿ. ಇದೂ ಹಸಿರು ಮಾರ್ಗವೇ, ಜೆ.ಪಿ. ನಗರ ಸ್ಟೇಷನ್ನಿನಿಂದ ಆಟೋ.

ಯಕ್ಷಗಾನ ಹುಡುಕಬೇಡಿ ಮಾತ್ರ. ಚಳಿಗಾಲದಲ್ಲಿ ಮೇಳಗಳೆಲ್ಲ ನಮ್ಮ ಊರುಗಳಲ್ಲೇ ತಿರುಗಾಟದಲ್ಲಿರುತ್ತವೆ. ಬೆಂಗಳೂರಿಗೆ ಅವರು ಜಾಸ್ತಿ ಬರುವುದು ಮಳೆಗಾಲದಲ್ಲಿ.

ಅಘನಾಶಿನಿ ತೀರ

ಭಾವ ಹೇಳಿದ್ದು ಸರಿ. ಇನ್ನೊಂದು ಎಚ್ಚರಿಕೆ. ಮೊದಲ ವಾರ ಎಂದು ಡಿಸೆಂಬರ್ 31ಕ್ಕೇ ಬಂದು ಇಳಿದರೆ, ಆ ಸಂಜೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್ ಕಡೆ ಹೋಗಲೇಬೇಡಿ. ಮಕ್ಕಳು ಮುದುಕರನ್ನು ಕರೆದುಕೊಂಡು ಹೋಗುವಂಥ ಜನ ಅಲ್ಲ ಅದು. ಒಂದೆರಡು ದಿನ ಕಳೆದ ಮೇಲೆ ಸಂಜೆ ಹೋಗಿ, ದೀಪಾಲಂಕಾರ ಇನ್ನೂ ಇರುತ್ತದೆ. ಸಂಕ್ರಾಂತಿಯ ದಿನ ಗವಿಪುರದ ಗವಿ ಗಂಗಾಧರೇಶ್ವರನಲ್ಲಿ ಸಂಜೆಯ ಬಿಸಿಲು ನಂದಿಯ ಕೊಂಬುಗಳ ನಡುವಿಂದ ಹಾದು ಲಿಂಗದ ಮೇಲೆ ಬೀಳುತ್ತದೆ. ಅದ್ಭುತ ನಿಜ, ಆದರೆ ಆ ದಿನದ ನೂಕುನುಗ್ಗಲು ಆಯಿಗೆ ಬೇಡ. ಬೇರೆ ದಿನ ಹೋಗಿ ಗುಹೆ ಮತ್ತು ಅಂಗಳದ ಸೂರ್ಯಪಾನ, ಚಂದ್ರಪಾನ ಎಂಬ ದೊಡ್ಡ ಕಲ್ಲಿನ ಬಿಲ್ಲೆಗಳನ್ನು ನೋಡಿ. ಬಸವನಗುಡಿ ದಿನದಲ್ಲೇ ಸೇರಿಸಬಹುದು.

ತೋಟದಮನೆ (ಶಿರಸಿ)

ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಮೊದಲ ವಾರ ಎಂದು ತೀರ್ಮಾನವಾಯಿತು. ಶನಿವಾರ ಬಸವನಗುಡಿ ಮತ್ತು ಅವರೆಕಾಯಿ, ಭಾನುವಾರ ಚಿತ್ರಸಂತೆ ಮತ್ತು ತಾರಾಲಯ, ಸೋಮವಾರ ಮನೆಯಲ್ಲೇ ಇದ್ದು ಸಂಜೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೀರೆ, ಮಂಗಳವಾರ ಮ್ಯೂಸಿಯಂ, ಕಬ್ಬನ್ ಪಾರ್ಕ್, ಸಂಜೆ ನಾನೂ ಮಗಳೂ ರಂಗಶಂಕರಕ್ಕೆ. ಕಾರವಾರದವರೇ, ಲಾಲ್‌ಬಾಗಿನ ಹೂವು ತಪ್ಪಿತಲ್ಲ ಎಂದು ನಮ್ಮನೆಯವರಿಗೆ ಸ್ವಲ್ಪ ಬೇಸರವೇ ಇದೆ. ಆದರೆ ಜನವರಿ ಕೊನೆಗೆ ಸುಲಿಯುವ ಕೆಲಸ ಜೋರಾಗುತ್ತದೆ, ಆಳು ಬಿಟ್ಟು ಬರಲಿಕ್ಕೆ ಆಗುವುದಿಲ್ಲ. ನಂದಿಬೆಟ್ಟ ಕೈಬಿಟ್ಟಿದ್ದೇವೆ, ತಮ್ಮನಿಗೆ ಸಿದ್ದಾಪುರದ ಭಾವನ ಉತ್ತರವನ್ನೇ ಕಳಿಸಿದೆ.

ಕಾಳಿ ಸೇತುವೆ (ಕಾರವಾರ)

ಸರಿ ಸರಿ, ಕೆಲಸ ಮುಖ್ಯ. ಪ್ರದರ್ಶನ ಇಲ್ಲದಿದ್ದರೂ ಲಾಲ್‌ಬಾಗಿಗೆ ಶನಿವಾರ ಬೆಳಗ್ಗೆ ಒಂದು ಗಂಟೆ ಹೋಗಿ ಬನ್ನಿ, ಹೇಗೂ ನ್ಯಾಷನಲ್ ಕಾಲೇಜಿನ ಮುಂದಿನ ಸ್ಟೇಷನ್. ಆಗ ಬ್ಯಾಟರಿ ಗಾಡಿಯೂ ಸಿಗಬಹುದು. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಮಗಳಿಗೆ ತೋರಿಸಿ. ಮತ್ತೆ ವಾಪಸ್ ಟಿಕೆಟ್ ಇವತ್ತೇ ಮಾಡಿಸಿ. ಸಂಕ್ರಾಂತಿ ಹತ್ತಿರ ಬಂದ ಹಾಗೆ ಶಿರಸಿ, ಕುಮಟಾ ಬಸ್ಸುಗಳಲ್ಲಿ ಕೆಳಗಿನ ಬರ್ತ್ ಸಿಗುವುದಿಲ್ಲ, ಆಯಿಗೆ ಮೇಲೆ ಹತ್ತಲಿಕ್ಕೆ ಆಗುವುದಿಲ್ಲ ಅಲ್ವಾ.